ಸೂತ್ರ ಬಾಯಿಗೆ ಬಂದರಾಯಿತೇ?

ಗೋಡೆಗೆ ಅಂಟಿಸಿಕೊಂಡಿರುವ ಸೂತ್ರಗಳ ಹಾಳೆ ಚೆನ್ನಾಗಿದೆ ಪುಟ್ಟಾ. ಕೆಂಪು ಶಾಯಿ, ನೀಲಿ ಶಾಯಿ, ಸುತ್ತ ಚೌಕಟ್ಟು ಬೇರೆ. ಬಾಯಿಪಾಠವೂ ಅರಳು ಹುರಿದ ಹಾಗೆ ಬರುತ್ತೆ. ಆದರೆ ನಡುವೆ ತಡೆದು 'ಈ ಸೂತ್ರ ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ?' ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೀಯ. ನೀನು ಜಾಣ, ಅದರಲ್ಲಿ ನನಗೆ ಅನುಮಾನವಿಲ್ಲ. ಅವಸರ ಮಾತ್ರ ಅತಿಯಾಯಿತು.

ಪಿಯು ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ ಕೂದಲು ನರೆಸಿಕೊಂಡವನು ಹೇಳ್ತೀನಿ, ಕೇಳು. ಮಕ್ಕಳು ಎಡವುವುದು ದೊಡ್ಡ ಲೆಕ್ಕದಲ್ಲಲ್ಲ, ಬುಡದಲ್ಲೇ. ಸೂತ್ರ ತಪ್ಪಿಲ್ಲದೆ ಬರೆದಿರುತ್ತಾರೆ, ಬಳಸಬಾರದ ಕಡೆ ಬಳಸಿರುತ್ತಾರೆ.

ಚಲನೆಯ ಸಮೀಕರಣಗಳನ್ನೇ ತಗೋ. ವೇಗೋತ್ಕರ್ಷ ಒಂದೇ ಸಮನಾಗಿದ್ದರೆ ಮಾತ್ರ ಅವುಗಳ ಆಟ ನಡೆಯುತ್ತೆ. ಒಂದು ಕಿಲೋಮೀಟರ್ ಮೇಲಿನ ಮೋಡದಿಂದ ಮಳೆಹನಿ ಬಿತ್ತು ಅನ್ನು. ನಿನ್ನ ಸೂತ್ರಕ್ಕೆ ಹಾಕಿದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್! ಹಾಗಿದ್ದಿದ್ದರೆ ಮಳೆಗಾಲದಲ್ಲಿ ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ದೊಡ್ಡ ಹನಿಯೂ ಸೆಕೆಂಡಿಗೆ ಸುಮಾರು 9 ಮೀಟರ್ ಮೀರುವುದಿಲ್ಲ. ವೇಗ ಏರಿದಂತೆ ಗಾಳಿಯ ತಡೆಯೂ ಏರಿ ಹನಿಯ ತೂಕಕ್ಕೆ ಸರಿಸಮ ಆಗುತ್ತೆ. ಅಲ್ಲಿಂದಾಚೆ ವೇಗೋತ್ಕರ್ಷ ಸೊನ್ನೆ. ಸೂತ್ರದ್ದೇನೂ ತಪ್ಪಿಲ್ಲ, ಅದು ಕೇಳಿದ ಷರತ್ತನ್ನು ನೀನು ಓದಲಿಲ್ಲ ಅಷ್ಟೆ.

ಗೆಲಿಲಿಯೋಗೆ ಈ ಚಲನೆಯ ನಿಯಮ ಸುಲಭಕ್ಕೆ ಸಿಕ್ಕಿದ್ದಲ್ಲ ಮಗಾ. ಇಳಿಜಾರು ಹಲಗೆಯ ತೋಡಿನಲ್ಲಿ ಕಂಚಿನ ಗುಂಡು ಉರುಳಿಸುತ್ತಿದ್ದ. ಸೆಕೆಂಡು ತೋರಿಸುವ ಗಡಿಯಾರ ಎಲ್ಲಿತ್ತು? ಸಣ್ಣ ಧಾರೆಯಲ್ಲಿ ಇಳಿದ ನೀರನ್ನು ತೂಗಿ ಕಾಲ ಲೆಕ್ಕ ಹಾಕಿದ. ಹೊತ್ತು ಎರಡರಷ್ಟಾದರೆ ದೂರ ನಾಲ್ಕರಷ್ಟು ಅಂತ ಕಂಡುಕೊಂಡು 1638ರ ಪುಸ್ತಕದಲ್ಲಿ ಬರೆದ. ನೀನು ಅದನ್ನು ಎರಡು ನಿಮಿಷದಲ್ಲಿ ಉರು ಹೊಡೆದು ಮುಂದಿನ ಪುಟ ತಿರುವುತ್ತೀಯ!

ಬೈಕ್ ಬೇಕು ಅಂತ ಅಪ್ಪನ ಬೆನ್ನು ಹತ್ತಿದ್ದೀಯಲ್ಲ, ಒಂದು ಲೆಕ್ಕ ಮಾಡಿ ತೋರಿಸು. ಬ್ರೇಕ್ ಹಿಡಿದಾಗ ವೇಗ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತೆ ಅಂದುಕೋ. ಗಂಟೆಗೆ 36 ಕಿಲೋಮೀಟರ್ ಅಂದರೆ ಸೆಕೆಂಡಿಗೆ 10 ಮೀಟರ್. ಗಾಡಿ 10 ಮೀಟರಿನಲ್ಲಿ ನಿಲ್ಲುತ್ತೆ. 72ರಲ್ಲಿ ಹೋದರೆ? 20 ಮೀಟರ್ ಅಲ್ಲ, 40. ಎದುರಿಗೆ ದನ ಬಂದಿದ್ದು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ ಇನ್ನೂ 20 ಸೇರಿಸು. ಇಷ್ಟು ಹೊಳೆದ ದಿನ ಆ ಸೂತ್ರ ನಿನ್ನದಾಯಿತು, ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ಮಾನಗಳನ್ನು ಮಾತ್ರ ಎಂದೂ ಬಿಡಬೇಡ. 1999ರಲ್ಲಿ ಮಂಗಳ ಗ್ರಹಕ್ಕೆ ಹೋದ ಅಮೆರಿಕದ ನೌಕೆಯೊಂದು ಹಾಳಾಗಿದ್ದು ಅದಕ್ಕೇ. ಒಬ್ಬರು ಪೌಂಡಿನಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಬ್ಬರು ನ್ಯೂಟನ್ ಅಂದುಕೊಂಡರು. ದ್ರವ್ಯರಾಶಿ ಕಿಲೋಗ್ರಾಮಿನಲ್ಲಿ, ತೂಕ ನ್ಯೂಟನ್‌ನಲ್ಲಿ. ಸಂತೆಯಲ್ಲಿ ಹೇಗಾದರೂ ಅನ್ನು, ಪರೀಕ್ಷೆಯಲ್ಲಿ ಬೆರೆಸಬೇಡ.

ಇವತ್ತು ರಾತ್ರಿ ಹೊಸ ಪಾಠ ಬೇಡ. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂರು. ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತಿದೆ, ಮೇಜು ಮೇಲಕ್ಕೆ ತಳ್ಳುತ್ತಿದೆ. ಎರಡೂ ಸಮ, ದಿಕ್ಕು ಎದುರುಬದುರು. ತಕ್ಷಣ 'ನ್ಯೂಟನ್ನನ ಮೂರನೇ ನಿಯಮ' ಅಂತ ಕೂಗಿಬಿಡಬೇಡ. ಎರಡು ಬಲವೂ ಒಂದೇ ಪುಸ್ತಕದ ಮೇಲಿವೆ. ಕ್ರಿಯೆ ಒಂದರ ಮೇಲಾದರೆ ಪ್ರತಿಕ್ರಿಯೆ ಇನ್ನೊಂದರ ಮೇಲೆ ಇರಬೇಕು. ಭೂಮಿ ಪುಸ್ತಕವನ್ನು ಎಳೆಯುವುದಕ್ಕೆ ಜೋಡಿ, ಪುಸ್ತಕ ಭೂಮಿಯನ್ನು ಎಳೆಯುವುದು. ಹಾಗಾದರೆ ಮೇಜು ತಳ್ಳುವುದಕ್ಕೆ ಜೋಡಿ ಯಾವುದು? ಬಾಣದ ಗುರುತು ಹಾಕಿ ಚಿತ್ರ ಬರೆದು, ಬೆಳಿಗ್ಗೆ ಕಾಫಿ ಹೊತ್ತಿಗೆ ನನ್ನ ಹತ್ತಿರ ತಗೊಂಡು ಬಾ.