ಚಾಟ್‌ಬಾಟ್‌ಗೆ ಏಜೆನ್ಸಿ ಬೇಕೇ? ಕೊಟೇಶನ್ ಕೇಳುವ ಮುನ್ನ ನೋಡಬೇಕಾದ್ದು

ಅಂಗಡಿ, ಹೋಮ್‌ಸ್ಟೇ, ಕ್ಲಿನಿಕ್, ಟ್ಯೂಷನ್ ಕೇಂದ್ರಗಳಿಗೆ ಬರುವ ವಿಚಾರಣೆಗಳಿಗೆ ತಾನಾಗಿ ಉತ್ತರ ಹೋಗುವಂತೆ ಮಾಡಲು ಮೂರು ದಾರಿಗಳಿವೆ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನ ಉಚಿತ ಸೌಲಭ್ಯಗಳನ್ನೇ ಬಳಸುವುದು ಒಂದು. ತಿಂಗಳ ಬಾಡಿಗೆಗೆ ಸಿಗುವ ಸಿದ್ಧ ತಂತ್ರಾಂಶ ಪಡೆದು ಬಾಟ್ ಅನ್ನು ಸ್ವತಃ ಕಟ್ಟಿಕೊಳ್ಳುವುದು ಇನ್ನೊಂದು. ಮೂರನೆಯದು ಏಜೆನ್ಸಿ. ಅನೇಕ ವ್ಯಾಪಾರಿಗಳು ಮೂರನೆಯದರಿಂದಲೇ ಶುರುಮಾಡುತ್ತಾರೆ, ಏಕೆಂದರೆ ಫೋನ್ ಮಾಡಿ ವಿಚಾರಿಸುವವರು ಏಜೆನ್ಸಿಯವರು ಮಾತ್ರ.

ಎಣಿಕೆ ಮೊದಲು

ಮೊದಲ ಕೆಲಸಕ್ಕೆ ಪೈಸೆ ಖರ್ಚಿಲ್ಲ. ಕಳೆದ ಒಂದೆರಡು ತಿಂಗಳಲ್ಲಿ ಬಂದ ಸಂದೇಶಗಳಲ್ಲಿ ಇನ್ನೂರು ಪ್ರಶ್ನೆಗಳನ್ನು, ಗಿರಾಕಿಗಳು ಬರೆದ ಮಾತಿನಲ್ಲೇ, ಎಕ್ಸೆಲ್ ಹಾಳೆಗೋ ನೋಟ್‌ಬುಕ್ಕಿಗೋ ಇಳಿಸಿಕೊಂಡು ಮೂರು ಗುಂಪು ಮಾಡಬೇಕು. ಯಾರು ಕೇಳಿದರೂ ಒಂದೇ ಉತ್ತರ ಇರುವವು ಮೊದಲ ಗುಂಪು: ವಿಳಾಸ, ಸಮಯ, ಭಾನುವಾರ ರಜೆಯೇ, ಯುಪಿಐ ನಡೆಯುತ್ತದೆಯೇ. ಉತ್ತರ ದಿನಕ್ಕೊಂದು, ಗಿರಾಕಿಗೊಂದು ಆಗುವವು ಎರಡನೆಯದು: ಶನಿವಾರ ರೂಮ್ ಖಾಲಿ ಇದೆಯೇ, ರಕ್ತಪರೀಕ್ಷೆಯ ವರದಿ ಬಂತೇ, ಕೊರಿಯರ್ ಎಲ್ಲಿದೆ. ಚೌಕಾಸಿ, ದೂರು, ಜಗಳಗಳೆಲ್ಲ ಮೂರನೆಯದು. ತೀರ್ಮಾನದ ಮುಕ್ಕಾಲು ಪಾಲು ಈ ಎಣಿಕೆಯಲ್ಲೇ ಇದೆ.

ಮೊದಲ ಗುಂಪು ದೊಡ್ಡದಿದ್ದರೆ ಏಜೆನ್ಸಿ ಬೇಡ. ಬಹುಶಃ ಬಾಟ್ ಕೂಡ ಬೇಡ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಸ್ವಾಗತ ಸಂದೇಶ, ಬಾಗಿಲು ಮುಚ್ಚಿದ ಹೊತ್ತಿನಲ್ಲಿ ತಾನಾಗಿ ಹೋಗುವ ಸಂದೇಶ, 50 ಸಿದ್ಧ ಉತ್ತರಗಳು, 500 ಸರಕುಗಳವರೆಗಿನ ಕ್ಯಾಟಲಾಗ್ ಎಲ್ಲವೂ ಉಚಿತ. ಬೆಲೆ ಬರೆಯದೆ ಬರೀ ಸೀರೆಯ ಫೋಟೊ ಹಾಕುವ ಅಂಗಡಿಗೆ ‘ರೇಟ್ ಎಷ್ಟು’ ಎಂಬ ಸಂದೇಶಗಳ ರಾಶಿ ತಾನೇ ತಂದುಕೊಂಡದ್ದು. ಅದಕ್ಕೆ ಮದ್ದು ಕ್ಯಾಟಲಾಗ್‌ನಲ್ಲಿ ಬೆಲೆ ನಮೂದಿಸುವುದು, ಬಾಟ್ ಅಲ್ಲ. ಮೂರನೆಯ ಗುಂಪು ದೊಡ್ಡದಿದ್ದರೆ ಬೇಕಾಗಿರುವುದು ಒಬ್ಬ ಒಳ್ಳೆಯ ನೌಕರ. ಸಿಟ್ಟಾಗಿರುವ ಗಿರಾಕಿಯ ಮುಂದೆ ಬಾಟ್ ನಿಲ್ಲಿಸಿದರೆ ಸಿಟ್ಟು ಏರುತ್ತದೆ.

ಜೋಡಣೆ ಯಾವುದಕ್ಕೆ?

ಏಜೆನ್ಸಿಗೆ ನಿಜವಾದ ಕೆಲಸ ಇರುವುದು ಎರಡನೆಯ ಗುಂಪಿನಲ್ಲಿ. ರೂಮ್ ಖಾಲಿ ಇದೆಯೇ ಎಂದು ಹೇಳಬೇಕಾದ ಬಾಟ್ ಬುಕಿಂಗ್ ಕ್ಯಾಲೆಂಡರ್ ನೋಡಲೇಬೇಕು. ವರದಿ ಬಂತೇ ಎಂದು ಹೇಳಬೇಕಾದದ್ದು ಲ್ಯಾಬ್‌ನ ತಂತ್ರಾಂಶದೊಳಗೆ ಇಣುಕಬೇಕು. ಎರಡು ತಂತ್ರಾಂಶಗಳು ಪರಸ್ಪರ ಮಾಹಿತಿ ಕೊಟ್ಟುಕೊಳ್ಳುವ ಈ ವ್ಯವಸ್ಥೆಗೆ ಎಪಿಐ ಎನ್ನುತ್ತಾರೆ. ಈಗ ಬಳಸುತ್ತಿರುವ ಬಿಲ್ಲಿಂಗ್ ಅಥವಾ ಬುಕಿಂಗ್ ತಂತ್ರಾಂಶಕ್ಕೆ ಎಪಿಐ ಇದೆಯೇ ಎಂದು ಅದನ್ನು ಮಾರಿದವರನ್ನೇ ಕೇಳಬೇಕು. ಬಾಡಿಗೆಯ ಬಾಟ್ ತಂತ್ರಾಂಶಗಳಲ್ಲಿ ಶಾಪಿಫೈಯಂಥ ಜನಪ್ರಿಯ ಆನ್‌ಲೈನ್ ಮಾರಾಟ ವೇದಿಕೆಗಳ ಜೋಡಣೆ ಸಾಮಾನ್ಯವಾಗಿ ಸಿದ್ಧವಾಗಿಯೇ ಇರುತ್ತದೆ. ಅಂಥ ಕಡೆ ಕಂಪ್ಯೂಟರ್ ಬಲ್ಲ ಒಬ್ಬ ನೌಕರ ಸಾಕು. ಸಿದ್ಧ ಜೋಡಣೆ ಇಲ್ಲದ ತಂತ್ರಾಂಶವಾದರೆ ಏಜೆನ್ಸಿಗೆ ಹಣ ಕೊಡುವುದರಲ್ಲಿ ಅರ್ಥವಿದೆ.

ಇಲ್ಲಿ ಅನೇಕರು ಮರೆಯುವ ಸಂಗತಿ ಒಂದಿದೆ. ಚಿಕ್ಕಮಗಳೂರಿನ ಹೋಮ್‌ಸ್ಟೇ ಒಂದು ಆನ್‌ಲೈನ್ ಬುಕಿಂಗ್‌ಗಳನ್ನು ಕಂಪ್ಯೂಟರಿನಲ್ಲೂ, ಫೋನಿನಲ್ಲಿ ಬಂದವನ್ನು ಮೇಜಿನ ಡೈರಿಯಲ್ಲೂ ಬರೆದಿಡುತ್ತಿದ್ದರೆ ಯಾವ ಏಜೆನ್ಸಿಯ ಬಾಟ್‌ಗೂ ಆ ಡೈರಿ ಕಾಣುವುದಿಲ್ಲ. ಸಾಲು ರಜೆಯ ವಾರಾಂತ್ಯದಲ್ಲಿ ಒಂದೇ ರೂಮ್ ಇಬ್ಬರಿಗೆ ಹೋಗುತ್ತದೆ. ಡೈರಿಯನ್ನು ಕಂಪ್ಯೂಟರಿಗೆ ತರುವವರೆಗೆ ಬಾಟ್‌ನ ಮಾತು ಮುಂದೂಡುವುದೇ ಲೇಸು.

ಗುಂಡಿಯ ಬಾಟ್, ಮಾತಿನ ಬಾಟ್

ಏಜೆನ್ಸಿ ಕಟ್ಟಿಕೊಡುವುದರಲ್ಲಿ ಎರಡು ಬಗೆ. ಗುಂಡಿ ಒತ್ತಿದಂತೆ ಮುಂದಿನ ಪಟ್ಟಿ ತೋರಿಸುವುದು ಒಂದು ಬಗೆ. 2022ರ ನವೆಂಬರ್ 1ರಂದು ಶುರುವಾದ ನಮ್ಮ ಮೆಟ್ರೊದ ವಾಟ್ಸ್‌ಆ್ಯಪ್ ಟಿಕೆಟ್ ಸೇವೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೀಗೆ ಟಿಕೆಟ್ ಕೊಡುತ್ತದೆ. ಕೆಲಸದ ವ್ಯಾಪ್ತಿ ಚಿಕ್ಕದು, ಹೀಗಾಗಿ ತಪ್ಪಿಗೆ ಎಡೆ ಕಡಿಮೆ. ಇನ್ನೊಂದು ಬಗೆಯದು ಚಾಟ್‌ಜಿಪಿಟಿಯಂಥ ಭಾಷಾ ಮಾದರಿಯ ಬಲದಿಂದ ಸ್ವಂತ ವಾಕ್ಯ ರಚಿಸಿ ಉತ್ತರಿಸುತ್ತದೆ. ಅದು ನೋಡಲು ಚೆಂದ, ಆದರೆ ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ಹೇಳಿಬಿಡುವ ಚಾಳಿ ಅದಕ್ಕಿದೆ. ಬಾಟ್ ಯಾವ ಬಗೆಯದೇ ಇರಲಿ, ಅದರ ತಪ್ಪು ಮಾತು ವ್ಯಾಪಾರಿಗೆ ದುಬಾರಿಯಾಗಬಹುದು. ವಿಮಾನಯಾನ ಸಂಸ್ಥೆ ಏರ್ ಕೆನಡಾದ ಬಾಟ್, ಬಂಧುವಿನ ಸಾವಿನ ಸಂದರ್ಭದ ರಿಯಾಯಿತಿ ದರವನ್ನು ಪ್ರಯಾಣದ ನಂತರವೂ ಕೇಳಿ ಪಡೆಯಬಹುದೆಂದು ಪ್ರಯಾಣಿಕರೊಬ್ಬರಿಗೆ ತಪ್ಪಾಗಿ ತಿಳಿಸಿತು. ಬಾಟ್‌ನ ಮಾತಿಗೆ ಬಾಟ್ ಹೊಣೆ, ತಾನಲ್ಲ ಎಂಬರ್ಥದ ವಾದವನ್ನು ಕಂಪನಿ ಹೂಡಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ದರ, ರಿಯಾಯಿತಿ, ಹಣ ವಾಪಸಾತಿ, ಔಷಧಿಗಳ ವಿಚಾರಕ್ಕೆ ಗುಂಡಿಯ ಬಾಟ್ ಸಾಕು.

ಮಾತಿನ ಬಾಟ್ ಬೇಕೇಬೇಕೆಂದಾದರೆ ಏಜೆನ್ಸಿ ತೋರಿಸುವ ಡೆಮೊ ನೋಡಿ ಮರುಳಾಗದೆ ಸ್ವಂತ ಪಟ್ಟಿಯಿಂದ ಮೂವತ್ತು ಪ್ರಶ್ನೆ ಹಾಕಬೇಕು. ‘ನಾಳೆ ಎರಡ್ ರೂಮ್ ಅದಾವೇನ್ರಿ’, ‘ರೂಮ್ ಉಂಟಾ’, ‘ರೂಮ್ ಸಿಗತ್ತಾ’ ಮೂರಕ್ಕೂ ಒಂದೇ ಉತ್ತರ ಬರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವನ್ನೂ ವಾಯ್ಸ್ ಮೆಸೇಜನ್ನೂ ಕೊಟ್ಟು ನೋಡಬೇಕು. ಈಜುಕೊಳವೇ ಇಲ್ಲದ ಕಡೆ ‘ಈಜುಕೊಳ ಎಷ್ಟು ಗಂಟೆಗೆ ತೆರೆಯುತ್ತದೆ’ ಎಂದು ಕೇಳಿದಾಗ ಸಮಯ ಹೇಳುವ ಬಾಟ್ ಅನ್ನು ಅಲ್ಲಿಗೇ ಕೈಬಿಡಬಹುದು.

ಕೊಟೇಶನ್ ಓದುವ ಬಗೆ

ಕಟ್ಟಿಕೊಡುವ ಶುಲ್ಕ ಕೊಟೇಶನ್‌ನ ಮೊದಲ ಸಾಲಷ್ಟೇ. ಅದರ ಮೇಲೆ 18% ಜಿಎಸ್‌ಟಿ ಸೇರುತ್ತದೆ. ನಂತರ ತಿಂಗಳ ತಂತ್ರಾಂಶ ಬಾಡಿಗೆ, ವಾರ್ಷಿಕ ನಿರ್ವಹಣೆ, ವಾಟ್ಸ್‌ಆ್ಯಪ್‌ನ ಮಾಲೀಕ ಸಂಸ್ಥೆ ಮೆಟಾಗೆ ಕೊಡಬೇಕಾದ ಹಣ ಬರುತ್ತವೆ. 2025ರ ಜುಲೈನಿಂದ ಮೆಟಾದ ಶುಲ್ಕ ಸಂದೇಶದ ಲೆಕ್ಕಕ್ಕೆ ಬದಲಾಗಿದೆ. ಆ ವ್ಯವಸ್ಥೆಯಲ್ಲಿ, ಗಿರಾಕಿ ಬರೆದ 24 ಗಂಟೆಯೊಳಗೆ ಕೊಡುವ ಮಾಮೂಲಿ ಉತ್ತರ ಉಚಿತ. ಆಮೇಲೆ ಮೆಟಾ ಮೊದಲೇ ಅನುಮೋದಿಸಿದ ಟೆಂಪ್ಲೇಟ್ (ಸಿದ್ಧ ನಮೂನೆಯ) ಸಂದೇಶ ಮಾತ್ರ ಕಳಿಸಬಹುದು. ಜಾಹೀರಾತಿನ ಸಂದೇಶ ಒಂದೊಂದಕ್ಕೂ ಹಣ. ಮಾತಿನ ಬಾಟ್‌ಗೆ ಭಾಷಾ ಮಾದರಿಯ ಖರ್ಚು ಬೇರೆ. ಅದನ್ನು ಟೋಕನ್ ಎಂಬ ತುಣುಕುಗಳ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದೇ ಅರ್ಥದ ವಾಕ್ಯಕ್ಕೆ ಕನ್ನಡ ಲಿಪಿಯಲ್ಲಿ ಇಂಗ್ಲಿಷ್‌ಗಿಂತ ಹೆಚ್ಚು ಟೋಕನ್ ತಗಲುತ್ತದೆ. ಎಲ್ಲವನ್ನೂ ಸೇರಿಸಿ ಎರಡು ವರ್ಷದ ಒಟ್ಟು ಮೊತ್ತ ಬರೆಸಿಕೊಂಡು, ಅದೇ ಅವಧಿಗೆ ಒಬ್ಬ ನೌಕರನ ಸಂಬಳದ ಪಕ್ಕ ಇಟ್ಟು ನೋಡಬೇಕು.

ಕರಾರಿನಲ್ಲಿ ಇರಬೇಕಾದ್ದು

ವಾಟ್ಸ್‌ಆ್ಯಪ್ ಸಂಖ್ಯೆ, ಮೆಟಾ ಬಿಸಿನೆಸ್ ಖಾತೆ ಎರಡೂ ವ್ಯಾಪಾರಿಯ ಹೆಸರಿನಲ್ಲೇ ಇರಬೇಕು. ಏಜೆನ್ಸಿಗೆ ಬಳಸುವ ಅನುಮತಿ ಸಾಕು. ಏಜೆನ್ಸಿಯ ಹೆಸರಿನಲ್ಲಿ ಖಾತೆ ತೆರೆದರೆ ಸಂಬಂಧ ಕೆಟ್ಟ ದಿನ ಗಿರಾಕಿಗಳಿಗೆ ಗೊತ್ತಿರುವ ಸಂಖ್ಯೆಯೇ ಕೈತಪ್ಪಬಹುದು. ಬಾಟ್‌ಗೆ ಜೋಡಿಸಿದ ಮೇಲೂ ಅದೇ ಸಂಖ್ಯೆ ಫೋನಿನ ಆ್ಯಪ್‌ನಲ್ಲಿ ನಡೆಯುತ್ತದೆಯೇ ಎಂಬುದನ್ನೂ ಲಿಖಿತವಾಗಿ ಪಡೆಯಬೇಕು.

ಹಣ ಕೊಟ್ಟು ಬರೆಸಿದ ಕೋಡ್ ತಮ್ಮದೇ ಎಂದು ಹೆಚ್ಚಿನವರು ತಿಳಿದಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹೊರಗಿನವರಿಂದ ಬರೆಸಿದ ತಂತ್ರಾಂಶದ ಹಕ್ಕು, ಲಿಖಿತವಾಗಿ ವರ್ಗಾಯಿಸದಿದ್ದರೆ, ಬರೆದವರಲ್ಲೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಲೆಕ್ಕ.

ಗಿರಾಕಿಗಳ ಹೆಸರು, ಫೋನ್ ಸಂಖ್ಯೆಗಳ ಹೊಣೆಯೂ ವ್ಯಾಪಾರಿಯದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕೆಳಗೆ, ಮಾಹಿತಿಯನ್ನು ಏಜೆನ್ಸಿ ನಿಭಾಯಿಸಿದರೂ ಉತ್ತರದಾಯಿ ಅದನ್ನು ಸಂಗ್ರಹಿಸಿದ ಸಂಸ್ಥೆ, ಮತ್ತು ಇಬ್ಬರ ನಡುವೆ ಕರಾರು ಇರಲೇಬೇಕು. ಸೂಕ್ತ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ.

ಶುಲ್ಕವನ್ನು ಮೂರು ಕಂತಾಗಿ ಒಡೆದು, ಬಾಟ್ ಒಂದು ತಿಂಗಳು ನಿಜವಾದ ಗಿರಾಕಿಗಳ ನಡುವೆ ಓಡಿದ ಮೇಲೆ ಕೊನೆಯ ಕಂತು ಕೊಡುವ ವ್ಯವಸ್ಥೆ ಒಳ್ಳೆಯದು. ಆ ತಿಂಗಳು ಸೀಸನ್ ಆಗಿರಬಾರದು. ಬಾಟ್‌ಗೆ ಉತ್ತರ ತಿಳಿಯದ ಪ್ರಶ್ನೆಗಳು ಯಾರ ಫೋನಿಗೆ, ಎಷ್ಟು ನಿಮಿಷದಲ್ಲಿ ಹೋಗಬೇಕು; ದರ ಬದಲಾದರೆ ಅಂಗಡಿಯವರೇ ತಿದ್ದಬಹುದೇ, ಪ್ರತಿ ತಿದ್ದುಪಡಿಗೂ ಏಜೆನ್ಸಿಗೆ ಹಣ ಕೊಡಬೇಕೇ; ಕರಾರು ಮುಗಿದಾಗ ಪ್ರಶ್ನೋತ್ತರದ ಕಡತ ಯಾವ ರೂಪದಲ್ಲಿ ವಾಪಸ್ ಬರುತ್ತದೆ, ಏಜೆನ್ಸಿಯ ಸರ್ವರ್‌ನಲ್ಲಿರುವ ಗಿರಾಕಿಗಳ ಮಾಹಿತಿ ಎಷ್ಟು ದಿನದೊಳಗೆ ಅಳಿಯುತ್ತದೆ ಎಂಬುದನ್ನೆಲ್ಲ ಮುಂಗಡ ಕೊಡುವ ಮೊದಲೇ ಕರಾರಿಗೆ ಸೇರಿಸಬೇಕು.