ಬಿಳಿ ಬೆಳಕಿಗೆ ಎಷ್ಟು ಬಣ್ಣ ಹಾಕ್ಬೇಕು?

ಶಿಕಾರಿಪುರದ ಅಂಗಡಿಯಲ್ಲಿ ಸಿಗುವ ಬಿಳಿ ಎಲ್‌ಇಡಿ ಬಲ್ಬಿನೊಳಗೆ ಬಿಳಿ ಬೆಳಕು ಕೊಡುವ ವಸ್ತು ಒಂದೂ ಇಲ್ಲ. ನೀಲಿ ಚಿಪ್, ಅದರ ಮೇಲೆ ಹಳದಿ ಪುಡಿಯ ಲೇಪ, ಅಷ್ಟೇ. ಎರಡೂ ಬಣ್ಣ ಒಟ್ಟಿಗೆ ಕಣ್ಣಿಗೆ ಬಿದ್ದರೆ ಬಿಳಿ ಅನ್ಸುತ್ತೆ. ಬಿಳಿ ಓಎಲ್‌ಇಡಿಯಲ್ಲೂ ಲೆಕ್ಕ ಇದೇ. ಆದರೆ ಅಲ್ಲಿ ಚಿಪ್ ಬದಲು ನೂರಿನ್ನೂರು ನ್ಯಾನೋಮೀಟರ್ ದಪ್ಪದ ಸಾವಯವ ಪದರಗಳು. ಹಳದಿ ಬಣ್ಣ ಪದರದ ಒಳಗೇ ಬೆರೆತಿರುತ್ತೆ.

ಹೀಗೆ ಬೆರೆಸುವ ಫ್ಲೋರೆಸೆಂಟ್ ಬಣ್ಣವೇ ಡೋಪೆಂಟ್. ಅದು ಬೆರೆಯುವ ಮುಖ್ಯ ವಸ್ತು ಹೋಸ್ಟ್. ನಮ್ಮ ಸೆಮಿಕಂಡಕ್ಟರ್ ಕ್ಲಾಸಿನ ಡೋಪಿಂಗೇ ಬೇರೆ. ಸಿಲಿಕಾನಿಗೆ ಫಾಸ್ಫರಸ್ ಹಾಕೋದು ಕರೆಂಟ್ ಹರಿಯಲಿ ಅಂತ, ಇಲ್ಲಿ ಬಣ್ಣ ಹಾಕೋದು ಬೆಳಕಿಗಾಗಿ.

ಸೊರಬದ ಕಡೆ ಇಳಿಜಾರಿನ ಗದ್ದೆ ನೋಡಿದವರಿಗೆ ಮುಂದಿನದು ಸುಲಭ. ಬದುವಿನಲ್ಲಿ ಕಂಡಿ ಬಿಟ್ಟರೆ ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ಇಳಿಯುತ್ತೆ. ನೀಲಿ ಹೋಸ್ಟಿನ ಶಕ್ತಿ ಮಟ್ಟ ಮೇಲಿನ ಗದ್ದೆ, ಹಳದಿ ಡೋಪೆಂಟಿನದು ಕೆಳಗಿನದು. ಕೆಲವೇ ನ್ಯಾನೋಮೀಟರ್ ದೂರದಲ್ಲಿದ್ದರೆ ಶಕ್ತಿ ಹೋಸ್ಟಿನಿಂದ ನೇರವಾಗಿ ಡೋಪೆಂಟಿಗೆ ದಾಟುತ್ತೆ. ಇದಕ್ಕೆ ಫೋರ್ಸ್ಟರ್ ವರ್ಗಾವಣೆ ಅಂತ ಹೆಸರು. ಕಂಡಿ ದೊಡ್ಡದಾದ್ರೆ ಮೇಲಿನ ಗದ್ದೆ ಒಣಗುತ್ತೆ, ಅಂದ್ರೆ ನೀಲಿ ಮಾಯವಾಗಿ ದೀಪ ಬರೀ ಹಳದಿಯಾಗುತ್ತೆ. ಬಿಳಿ ಬೇಕಾದವರು ಅರ್ಧ ನೀರನ್ನು ಮೇಲೇ ಉಳಿಸ್ಕೋಬೇಕು.

ಜಾಸ್ತಿ ಹಾಕಿದರೆ ಇನ್ನೊಂದು ತೊಂದರೆ ಇದೆ. ಬಣ್ಣದ ಅಣುಗಳು ಒತ್ತೊತ್ತಾಗಿ ಕೂತರೆ ಶಕ್ತಿ ಬೆಳಕಾಗದೆ ಬಿಸಿಯಾಗಿ ಹೋಗುತ್ತೆ. ಹಾಸ್ಟೆಲಿನಲ್ಲೇ ನೋಡಬಹುದು: ನೋಟು ಪರೀಕ್ಷಿಸುವ ಯುವಿ ಟಾರ್ಚ್ ತಗೊಂಡು ಹಳದಿ ಹೈಲೈಟರಿನ ಗಟ್ಟಿ ಇಂಕಿನ ಮೇಲೆ ಬಿಡಿ. ಆಮೇಲೆ ಅದರ ಒಂದು ಹನಿಯನ್ನು ಲೋಟ ನೀರಿಗೆ ಹಾಕಿ ನೋಡಿ. ತೆಳ್ಳಗಾದದ್ದೇ ಚೆನ್ನಾಗಿ ಹೊಳೆಯುತ್ತೆ.

1987ರಲ್ಲಿ ಕೊಡಾಕ್‌ನ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಕಡಿಮೆ ವೋಲ್ಟೇಜಿನ ಓಎಲ್‌ಇಡಿ ತೋರಿಸಿದರು. 1989ರಲ್ಲಿ ಅದಕ್ಕೇ ಕೂಮರಿನ್ ಜಾತಿಯ ಬಣ್ಣವನ್ನು ಚೂರೇ ಚೂರು ಬೆರೆಸಿದಾಗ ದಕ್ಷತೆ ಸುಮಾರು ಎರಡು ಪಟ್ಟಾಯ್ತು. 1994ರಲ್ಲಿ ಜಪಾನಿನ ಜುಂಜಿ ಕಿಡೊ ತಂಡ ಒಂದೇ ಪಾಲಿಮರ್ ಪದರಕ್ಕೆ ಮೂರು ಫ್ಲೋರೆಸೆಂಟ್ ಬಣ್ಣ ಬೆರೆಸಿ ಬಿಳಿ ಬೆಳಕು ತೆಗೆದರು. ಇಷ್ಟು ಸರಳವಾದ ಐಡಿಯಾ ಅಂತ ನನಗೆ ಈಗಲೂ ಆಶ್ಚರ್ಯ.

ಹಾಗಾದ್ರೆ ಇಂಥ ದೀಪ ಮನೆಮನೆಗೆ ಯಾಕೆ ಬರಲಿಲ್ಲ? ಬೆಲೆ ಒಂದು ಕಾರಣ, ಸ್ಪಿನ್ ಇನ್ನೊಂದು. ಎಲೆಕ್ಟ್ರಾನ್ ಮತ್ತು ಹೋಲ್ ಸೇರಿದಾಗ ನಾಲ್ಕರಲ್ಲಿ ಒಂದು ಜೋಡಿ ಮಾತ್ರ ಸಿಂಗ್ಲೆಟ್, ಉಳಿದ ಮೂರು ಟ್ರಿಪ್ಲೆಟ್. ಮಾಮೂಲಿ ಫ್ಲೋರೆಸೆಂಟ್ ಬಣ್ಣ ಬೆಳಕು ಮಾಡೋದು ಸಿಂಗ್ಲೆಟನ್ನು ಮಾತ್ರ. ಹುಟ್ಟಿದ ಆ 25% ಬೆಳಕಿನಲ್ಲೂ ಗಾಜು ದಾಟಿ ಹೊರಬರೋದು ಹೆಚ್ಚುಕಡಿಮೆ ಐದರಲ್ಲೊಂದು ಪಾಲು. ಗುಣಿಸಿ: 5%. 1998ರಲ್ಲಿ ಬಾಲ್ಡೋ, ಫಾರೆಸ್ಟ್, ಥಾಂಪ್ಸನ್ ಮೊದಲಾದವರು ಪ್ಲಾಟಿನಂ ಇರುವ ಫಾಸ್ಫೊರೆಸೆಂಟ್ ಡೋಪೆಂಟ್ ಹಾಕಿ ಟ್ರಿಪ್ಲೆಟನ್ನೂ ಬೆಳಕಾಗಿಸಿದರು. ಅಲ್ಲಿಗೆ ಫ್ಲೋರೆಸೆಂಟ್ ಕಥೆ ಮುಗೀತು ಅನ್ನೋ ಹಾಗಿಲ್ಲ. ಫಾಸ್ಫೊರೆಸೆಂಟ್ ನೀಲಿ ಬೇಗ ಸವೆಯುತ್ತೆ. ಅದಕ್ಕೇ ಓಎಲ್‌ಇಡಿ ಫೋನುಗಳಲ್ಲಿ ಕೆಂಪು, ಹಸಿರು ಫಾಸ್ಫೊರೆಸೆಂಟ್ ಆಗಿದ್ದು ವರ್ಷಗಳೇ ಕಳೆದರೂ, ನೀಲಿ ಮಾತ್ರ ಬಾಳಿಕೆಗೋಸ್ಕರ ಫ್ಲೋರೆಸೆಂಟ್ ಆಗಿಯೇ ಉಳಿದುಕೊಂಡು ಬಂದಿದೆ.