ಬೈಕಿನ ಆಸೆ ಬೇಡ, ಹತ್ತು ರೂಪಾಯಿ ಸಾಕು

ಹನೂರಿನಾಚೆಯ ಒಂದು ಮನೆ. ಅಪ್ಪ ಕುಡಿಯುತ್ತಾನೆ, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದ ಮಗ "ಆರು ತಿಂಗಳು ಬುಟ್ಬುಡಪ್ಪ, ಹೊಸ ಗಾಡಿ ತಕ್ಕೊಡ್ತೀನಿ" ಎಂದು ನೆಂಟರೆದುರು ಮಾತು ಕೊಟ್ಟ. ಅಪ್ಪನೂ ಮಾದಪ್ಪನ ಮೇಲೆ ಆಣೆ ಮಾಡಿದ. ಎಣ್ಣೆ ಮಜ್ಜನದ ಅಮಾವಾಸ್ಯೆಗೆ ಮಹದೇಶ್ವರ ಬೆಟ್ಟಕ್ಕೆ ಹೋದವನು ವಾಪಸು ತಾಳಬೆಟ್ಟ ಮುಟ್ಟುವಷ್ಟರಲ್ಲಿ ಇನ್ನೊಂದು ಬಗೆಯ ಎಣ್ಣೆ ಹಾಕಿಕೊಂಡಿದ್ದ. ಗಾಡಿಯೂ ಇಲ್ಲ, ಮಾತೂ ಇಲ್ಲ. ಆಮೇಲೆ ಮಗ ಫೋನು ಮಾಡುವುದನ್ನೇ ಬಿಟ್ಟ.

ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲೂಕಿನಲ್ಲಿ ಇಂಥ ಮನೆಗಳನ್ನು ನೋಡಿದ್ದೇನೆ. ಬಹುಮಾನ ಕೊಟ್ಟು ಕುಡಿತ ಬಿಡಿಸುವ ಯೋಚನೆ ತಪ್ಪಲ್ಲ. ಕೊಡುವ ರೀತಿ ತಪ್ಪಾಗುತ್ತಿದೆ. ದುಡಿಯಲು ಹೊರಗೆ ಹೋದ ಮಕ್ಕಳು ಮೊಬೈಲಿನ ಮೂಲಕವೇ ಇದನ್ನು ಸರಿಯಾಗಿ ಮಾಡಬಹುದು.

ಇದು ಬಂದದ್ದು ಎಲ್ಲಿಂದ

ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಪೆಟ್ರಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಿತಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 42 ಮಾಜಿ ಸೈನಿಕರಿದ್ದರು. ಉಸಿರು ಪರೀಕ್ಷೆಯಲ್ಲಿ ಗೆದ್ದವರು ಬಟ್ಟಲಿನಿಂದ ಚೀಟಿ ಎತ್ತಬೇಕು, ಬಂದ ಬಹುಮಾನ ಅವರದು. ಎಂಟು ವಾರಗಳ ಕೊನೆಗೆ ಚೀಟಿಯ ಗುಂಪಿನಲ್ಲಿ ನೂರಕ್ಕೆ 84 ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು, ಬರೀ ಚಿಕಿತ್ಸೆಯ ಗುಂಪಿನಲ್ಲಿ 22. 2013ರಲ್ಲಿ ಶೀಲಾ ಅಲೆಸ್ಸಿ ಮತ್ತು ಪೆಟ್ರಿ ಇದನ್ನೇ ಮೊಬೈಲಿಗೆ ತಂದರು. ಮೆಸೇಜು ಬಂದಾಗ ಉಸಿರು ಪರೀಕ್ಷೆಯ ಮೀಟರಿಗೆ ಊದಿ, ಅದರ ವಿಡಿಯೊ ಕಳಿಸಬೇಕಿತ್ತು.

ನಮ್ಮ ಮಗ್ಗುಲಿನ ಚೆನ್ನೈನಲ್ಲೂ ನಡೆದಿದೆ. ಅರ್ಥಶಾಸ್ತ್ರಜ್ಞ ಫ್ರಾಂಕ್ ಶಿಲ್‌ಬಾಕ್ 229 ಮಂದಿ ಸೈಕಲ್ ರಿಕ್ಷಾದವರ ಮೇಲೆ ಮೂರು ವಾರ ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ಹಗಲು ಕುಡಿಯದೆ ಬಂದವರಿಗೆ ಹೆಚ್ಚು ಹಣ. ಹಗಲಿನ ಕುಡಿತ ತಗ್ಗಿತು, ಉಳಿತಾಯ ಸುಮಾರು ಶೇ. 50ರಷ್ಟು ಏರಿತು. ಆದರೆ ಒಟ್ಟು ಕುಡಿತ ಅಷ್ಟಾಗಿ ಇಳಿಯಲಿಲ್ಲ, ಹೆಚ್ಚಿನದು ರಾತ್ರಿಗೆ ಜರುಗಿತು. ಈ ಕೊನೆಯ ಮಾತು ನೆನಪಿರಲಿ, ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 1: ಮನೆಯಲ್ಲಿ ಮಾಡಬಹುದೇ, ಆಸ್ಪತ್ರೆಗೆ ಹೋಗಬೇಕೇ?

ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆಯೇ? ನಡುಕ ನಿಲ್ಲಲು ಬೆಳಿಗ್ಗೆಯೇ ಒಂದು ಮದ್ಯದ ಪಾಕೀಟು ಬೇಕೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಇಲ್ಲದ್ದು ಕಂಡಂತೆ ಮಾತಾಡಿದ್ದರೇ? ಒಂದಕ್ಕೆ ಹೌದು ಎಂದರೂ ಇಲ್ಲಿಗೇ ನಿಲ್ಲಿಸಿ, ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿ. ಇಂಥವರು ಥಟ್ಟನೆ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಬರಬಹುದು. ಅದು ಜೀವ ತೆಗೆಯುತ್ತದೆ. "ಹಟ ಮಾಡಿ ಬಿಟ್ಟ, ಮೂರನೇ ದಿನಕ್ಕೆ ಹೋದ" ಎಂದು ಊರಲ್ಲಿ ಕೇಳಿದ್ದೀರಲ್ಲ, ಅದರ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಬಹುಮಾನದ ಆಸೆ ತೋರಿಸಿ ಅವರನ್ನು ಆ ಬಾವಿಗೆ ನೀವೇ ತಳ್ಳಬೇಡಿ.

ತಾಲೂಕು ಆಸ್ಪತ್ರೆಯಲ್ಲಿ 'ಮನೋಚೈತನ್ಯ' ಕ್ಲಿನಿಕ್ ಯಾವ ದಿನವೆಂದು ಕೇಳಿ. ದೊಡ್ಡ ಚಿಕಿತ್ಸೆಗೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹಂತ 2: ಕುಡಿಯುವವರೇ ಒಪ್ಪಬೇಕು

ಒಂದು ಹಾಳೆಯಲ್ಲಿ ಬರೆಯಿರಿ: ಯಾವಾಗ ಊದಬೇಕು, ಸೊನ್ನೆ ಬಂದರೆ ಎಷ್ಟು, ಬಾರದಿದ್ದರೆ ಏನು, ಎಷ್ಟು ದಿನ. ಇಬ್ಬರೂ ಸಹಿ ಹಾಕಿ. ಬಹುಮಾನ ಏನೆಂಬುದನ್ನು ಕುಡಿಯುವವರೇ ಆರಿಸಲಿ. ಒಬ್ಬರಿಗೆ ರೀಚಾರ್ಜು, ಒಬ್ಬರಿಗೆ ಅಂಗಡಿ ಸಾಲದ ಲೆಕ್ಕ, ಇನ್ನೊಬ್ಬರಿಗೆ ಆಡಿನ ಮರಿಗೆಂದು ಕೂಡಿಡುವ ಹುಂಡಿ. ವಿದೇಶದ ಅಧ್ಯಯನಗಳಲ್ಲಿ ಹಣವನ್ನೇ ಕೊಟ್ಟದ್ದೂ ಇದೆ. ನಮ್ಮೂರಲ್ಲಿ ಸಂಜೆಯ ಹೊತ್ತು ಕೈಗೆ ನೋಟು ಬೇಡ ಎಂಬುದು ನನ್ನ ಅಭಿಪ್ರಾಯ. ದಿನಸಿ ಅಂಗಡಿಯ ನಂಬರಿಗೆ ಹಾಕಿ.

ಹಂತ 3: ಮೀಟರು

ಪೊಲೀಸರು ರಸ್ತೆಯಲ್ಲಿ ಊದಿಸುತ್ತಾರಲ್ಲ, ಅದೇ ಜಾತಿಯದು. ಕೆಲವೇ ನೂರು ರೂಪಾಯಿಯ ಆಟದ ಸಾಮಾನು ಬೇಡ, ಇವತ್ತು ಸೊನ್ನೆ ಎಂದದ್ದು ನಾಳೆ ನೀರು ಕುಡಿದವರನ್ನೂ ಕುಡುಕರೆನ್ನುತ್ತದೆ. 'ಫ್ಯೂಯೆಲ್ ಸೆಲ್' ಸೆನ್ಸರ್ ಇರುವುದನ್ನೇ ಕೊಳ್ಳಿ, ಬೆಲೆ ಸಾವಿರಗಳಲ್ಲಿದೆ.

ಊದುವ ಮೊದಲು ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಕಾಯಬೇಕು. ದಶಮೂಲಾರಿಷ್ಟ, ಅಶ್ವಗಂಧಾರಿಷ್ಟದಂಥ ಔಷಧಿಗಳಲ್ಲಿ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿ ಆಲ್ಕೊಹಾಲ್ ಇರುತ್ತದೆ. ಇದು ಗೊತ್ತಿಲ್ಲದೆ ಒಂದು ಮನೆಯಲ್ಲಿ ದೊಡ್ಡ ಜಗಳವೇ ಆಗಿತ್ತು. ಮನುಷ್ಯ ಕುಡಿದದ್ದು ಎರಡು ಚಮಚ ಅರಿಷ್ಟ. 0.01 ಬಂದರೆ ಮುಕ್ಕಳಿಸಿ, ಕಾದು, ಇನ್ನೊಮ್ಮೆ ಊದಿಸಿ.

ಹಂತ 4: ಯಾವಾಗ ಊದಬೇಕು

ಒಂದು ಕ್ವಾರ್ಟರಿನಷ್ಟು ಮದ್ಯ ದೇಹದಿಂದ ಹೋಗಲು ಆರರಿಂದ ಒಂಬತ್ತು ಗಂಟೆ ಬೇಕು, ಒಂದು ನೈಂಟಿಗೆ ಮೂರು ನಾಲ್ಕು ಗಂಟೆ. ರಾತ್ರಿ ಒಂಬತ್ತಕ್ಕೆ ಕ್ವಾರ್ಟರ್ ಮುಗಿಸಿದವರು ಬೆಳಿಗ್ಗೆ ಆರಕ್ಕೆ ಸೊನ್ನೆ ತೋರಿಸಬಹುದು. ಹಗಲಲ್ಲಿ ಮಾತ್ರ ಊದಿಸಿದರೆ ಚೆನ್ನೈನಲ್ಲಿ ಆದದ್ದೇ ಆಗುತ್ತದೆ. ಹಾಗಾಗಿ ಸಂಜೆ ಏಳು, ರಾತ್ರಿ ಹತ್ತು, ಬೆಳಿಗ್ಗೆ ಆರು. ವಾರಕ್ಕೆರಡು ಸಲ ಹೇಳದೆ ಕೇಳದೆ ಇನ್ನೊಂದು.

ವಿಡಿಯೊ ಕಾಲ್ ಮಾಡುವುದು ಎಲ್ಲರಿಗೂ ಗೊತ್ತು. ಹಳೇ ವಿಡಿಯೊ ಕಳಿಸಿ ಯಾಮಾರಿಸದಂತೆ ಪ್ರತಿ ಸಲ ಒಂದು ಹೊಸ ಮಾತು ಕೊಡಿ. ನಾನು ನೋಡಿದ್ದು ಹೀಗೆ: ರಾತ್ರಿ ಹತ್ತು ಗಂಟೆ, ಯಳಂದೂರಿನ ಹತ್ತಿರದ ಹಳ್ಳಿ, ಬೀದಿ ದೀಪದ ಕೆಳಗೆ ಲುಂಗಿ ಕಟ್ಟಿ ನಿಂತ ಅಪ್ಪ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುವ ಮಗಳು ಫೋನಿನಲ್ಲಿ "ಅಪ್ಪೋ, ಇವತ್ತಿನ ಮಾತು ಗುಂಬಳ್ಳಿ" ಎಂದಳು. "ಗುಂಬಳ್ಳಿ ಗುಂಬಳ್ಳಿ" ಎಂದು ಎರಡು ಸಲ ಕೂಗಿ, ಕೆನ್ನೆ ಉಬ್ಬಿಸಿ ಊದಿ, ಮೀಟರನ್ನು ಕ್ಯಾಮೆರಾಕ್ಕೆ ತೀರಾ ಹತ್ತಿರ ಹಿಡಿದ. ಏನೂ ಕಾಣಲಿಲ್ಲ. "ದೂರ ಹಿಡಿಯಪ್ಪೋ." "ಸೊನ್ನೆ ತೋರುಸ್ತದ ನೋಡು ಕೂಸೇ!" ಆ 'ಕೂಸೇ' ಕೇಳಿ ಬಹಳ ವರ್ಷವಾಗಿತ್ತೆಂದು ಮಗಳು ಆಮೇಲೆ ಹೇಳಿದಳು.

ಹಂತ 5: ಎಷ್ಟು ಕೊಡಬೇಕು

ಮೊದಲ ದಿನ ₹10. ಪ್ರತಿ ಶುದ್ಧ ದಿನಕ್ಕೆ ₹2 ಏರಿಕೆ. 28ನೇ ದಿನಕ್ಕೆ ₹64 ಆಗುತ್ತದೆ, ಒಟ್ಟು ಖರ್ಚು ₹1,036. ದಿನಕ್ಕೆರಡು ನೈಂಟಿ ಪಾಕೀಟಿಗೆ ತಿಂಗಳಲ್ಲಿ ಎಷ್ಟು ಹೋಗುತ್ತಿತ್ತೆಂದು ಪಕ್ಕದಲ್ಲೇ ಬರೆದು ನೋಡಿ.

ಕುಡಿದ ದಿನ, ಊದದೆ ತಪ್ಪಿಸಿಕೊಂಡ ದಿನ, ಎರಡಕ್ಕೂ ಸೊನ್ನೆ ರೂಪಾಯಿ. ಮರುದಿನ ಮತ್ತೆ ₹10ರಿಂದ ಶುರು. ಮೂರು ದಿನ ಸತತ ಶುದ್ಧವಾದರೆ ಬಿದ್ದ ಜಾಗಕ್ಕೆ ವಾಪಸು ಏರಿಸಿ, ಇಲ್ಲದಿದ್ದರೆ "ಹೆಂಗೂ ಹೋಯ್ತು" ಎಂದು ಕೈಚೆಲ್ಲುತ್ತಾರೆ. ಈಗಾಗಲೇ ಗಳಿಸಿದ್ದನ್ನು ಯಾವತ್ತೂ ಕಿತ್ತುಕೊಳ್ಳಬೇಡಿ.

ಹಂತ 6: ಆಗಿಂದಾಗಲೇ ಕೊಡಿ, ಆಗಿಂದಾಗಲೇ!

ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದು ಮರೆಯಬೇಡಿ. ನಾನು ಕಂಡಂತೆ ಹತ್ತರಲ್ಲಿ ಎಂಟು ಮನೆ ಸೋಲುವುದು ಇಲ್ಲಿ. "ದಿನಾ ಹತ್ತು ಹನ್ನೆರಡು ಏನು ಹಾಕೋದು, ತಿಂಗಳ ಕೊನೆಗೆ ಒಟ್ಟಿಗೆ ಹಾಕಿದರಾಯ್ತು" ಎನ್ನುತ್ತಾರೆ. ಆಗಲ್ಲ.

ಪಾಕೀಟು ಕುಡಿದ ಹತ್ತು ನಿಮಿಷದಲ್ಲಿ ಕೂಲಿ ಕೊಡುತ್ತದೆ. ನಿಮ್ಮ ಬಹುಮಾನ ತಿಂಗಳಾಚೆ ನಿಂತಿದೆ. ಸಂಜೆ ಏಳಕ್ಕೆ ಗಂಟಲು ಒಣಗಿದವರಿಗೆ ಯಾವುದು ದೊಡ್ಡದಾಗಿ ಕಾಣುತ್ತದೆ? ದೂರದ ಸಾವಿರಕ್ಕಿಂತ ಹತ್ತಿರದ ಹತ್ತು ದೊಡ್ಡದು. ಇದು ಕುಡಿಯುವವರ ಕೆಟ್ಟತನವೇನಲ್ಲ, ಎಲ್ಲರ ಮನಸ್ಸೂ ಹೀಗೆಯೇ. ಕುಡಿತ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ರೇಷ್ಮೆ ಹುಳ ಸಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಇಪ್ಪತ್ತೈದು ದಿನದ ಸೊಪ್ಪನ್ನು ಕೊನೇ ದಿನ ಒಟ್ಟಿಗೆ ಸುರಿದು ಗೂಡು ಕಟ್ಟು ಎಂದರೆ ಯಾವ ಹುಳವೂ ಕಟ್ಟುವುದಿಲ್ಲ. ಮಾರುಕಟ್ಟೆಗೆ ಒಯ್ಯಲು ತಟ್ಟೆಯಲ್ಲಿ ಸತ್ತ ಹುಳ ಮಾತ್ರ ಇರುತ್ತದೆ.

ಮೇಲೆ ಹೇಳಿದ ಮಗಳ ಅಣ್ಣನೂ ಒಂದು ವಾರ ಈ ಕೆಲಸ ವಹಿಸಿಕೊಂಡಿದ್ದ. ಒಂದು ರಾತ್ರಿ "ಸರ್ವರ್ ಬಿಝಿ" ಎಂದ, ಮರುದಿನ ಮರೆತ, ಮೂರನೇ ದಿನ "ಭಾನುವಾರ ಸೇರಿಸಿ ಹಾಕ್ತೀನಿ" ಎಂದ. ಅವತ್ತು ರಾತ್ರಿ ಅಪ್ಪ ಊದಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ: "ನಾ ಊದಾದ ನೋಡಕ ಪುರ್ಸೊತ್ತಿಲ್ದವ್ರಿಗ ನಾ ಯಾಕ ಊದ್ಬೇಕು?" ಇಪ್ಪತ್ತು ಮೂವತ್ತು ರೂಪಾಯಿಗಾಗಿ ಬಂದ ಸಿಟ್ಟಲ್ಲ ಅದು. ಸೊನ್ನೆ ಕಂಡವರು ಯಾರೂ ಶಾಭಾಸ್ ಎನ್ನಲಿಲ್ಲ ಎಂಬ ನೋವು.

ನಿಯಮ ಇಷ್ಟೇ. ರಾತ್ರಿ ಹತ್ತರ ಸೊನ್ನೆ ಕಂಡ ಐದು ನಿಮಿಷದೊಳಗೆ ಹಣ ಹೋಗಬೇಕು, ಅದರ ಹಿಂದೆಯೇ ಒಂದು ವಾಯ್ಸ್ ಮೆಸೇಜು: "ಅಪ್ಪೋ, ಒಂಬತ್ತು ದಿನ ಆಯ್ತು, ಇಪ್ಪತ್ತಾರು ರೂಪಾಯಿ ಅಂಗಡಿಗೆ ಬಿತ್ತು." ಬೆಳಗಿನ ಪರೀಕ್ಷೆ ಬರೀ ತಾಳೆ ನೋಡಲು. ಅದು ತಪ್ಪಿದರೆ ಅವತ್ತಿನಿಂದ ಮತ್ತೆ ಹತ್ತು. ನಿಮಗೆ ರಾತ್ರಿ ಪಾಳಿಯಿದ್ದರೆ ತಂಗಿಗೋ ಭಾವನಿಗೋ ಮೊದಲೇ ವಹಿಸಿ. ಬಡ್ಡಿಯವರಿಗೆ ಕಂತು ತಪ್ಪಿಸುತ್ತೀರಾ? ಇದನ್ನೂ ಹಾಗೇ ನೋಡಿ.

ಮತ್ತೊಂದು ಮಾತು. ಹಣ ಹಾಕುವಾಗ "ಇಷ್ಟು ವರ್ಷ ಮನೆ ಹಾಳು ಮಾಡಿದೆಯಲ್ಲ" ಎಂಬ ಒಗ್ಗರಣೆ ಬೇಡ. ಬೈಗುಳದ ಜತೆ ಬಂದ ಬಹುಮಾನ ಬಹುಮಾನವಲ್ಲ. ಕುಡಿದ ದಿನವೂ "ಇವತ್ತು ಆಗಲಿಲ್ಲ, ನಾಳೆ ಹತ್ತರಿಂದ" ಎಂದಷ್ಟೇ ಹೇಳಿ ಫೋನಿಡಿ.

ಉಳಿದದ್ದು, ಜಾಗವಿದ್ದಷ್ಟು

*ಸಿಗ್ನಲ್ ಇಲ್ಲದ ಊರು:* ಮಹದೇಶ್ವರ ಬೆಟ್ಟದ ಸುತ್ತಿನ, ಬಿಳಿಗಿರಿರಂಗನ ಬೆಟ್ಟದ ಕೆಲವು ಕಡೆ ವಿಡಿಯೊ ನಡೆಯದು. ಮೀಟರನ್ನು ಊರಿನ ನಂಬಿಕಸ್ಥರೊಬ್ಬರ ಬಳಿ ಇಡಿ. ಅವರು ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲೇ ಕೊಡಲಿ. ನೀವು ಅವರಿಗೆ ಮುಂಗಡ ಕಳಿಸಿ.

*ಎರಡನೇ ತಿಂಗಳಿಂದ:* ಒಮ್ಮೆಲೇ ನಿಲ್ಲಿಸಬೇಡಿ. ಮೊತ್ತ ಹಾಗೇ ಇರಲಿ, ಊದುವ ದಿನಗಳನ್ನು ವಾರಕ್ಕೆ ಮೂರಕ್ಕೆ, ಆಮೇಲೆ ಒಂದಕ್ಕೆ ಇಳಿಸಿ. ಬಹುಮಾನ ನಿಂತ ಮೇಲೆ ಕೆಲವರು ಮತ್ತೆ ಕುಡಿಯುತ್ತಾರೆ. ಆದ್ದರಿಂದ ಈ ತಿಂಗಳುಗಳಲ್ಲೇ ಆಪ್ತಸಮಾಲೋಚನೆ, ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಸಭೆ, ವೈದ್ಯರ ಮಾತ್ರೆ, ಯಾವುದಾದರೊಂದಕ್ಕೆ ಜೋಡಿಸಿ.

*ಗುಟ್ಟಾಗಿ ಪುಡಿ ಬೇಡ:* "ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಎಂಬ ಚೀಟಿಗಳು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿವೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಹೀಗೆ ಹೇಳದೆ ಕೊಟ್ಟರೆ, ಮೇಲೆ ಕುಡಿದಾಗ ಪ್ರಾಣಕ್ಕೇ ಬರಬಹುದು.

*ಸಹಾಯವಾಣಿ:* ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡನ್ನೂ ಇವತ್ತೇ ಫೋನಿನಲ್ಲಿ ಸೇವ್ ಮಾಡಿ, ಮೀಟರಿನ ಡಬ್ಬಿಯ ಮೇಲೂ ಬರೆದಿಡಿ.